ಹುಚ್ಚುನಾಯಿ ರೋಗವೂ ಸರಕಾರದ ಸಿದ್ಧತೆಯೂ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನೀವೆಲ್ಲರೂ ಕೇಳಿರುವಿರಿ. ಈ ಗಾದೆಯು ಹುಚ್ಚುನಾಯಿ ರೋಗಕ್ಕೆ ಒಪ್ಪುವಷ್ಟು ಬೇರೆ ರೋಗಗಳಿಗೆ ಒಪ್ಪಲಾರದು. ರೇಬೀಸ್ ಎಂದು ಕರೆಯಲ್ಪಡುವ ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ರೋಗಿಯು ಬದುಕಿ ಉಳಿಯುವುದು ಅತಿ ವಿರಳ. ಆದರೆ ನಾಯಿ ಕಚ್ಚಿದ ಕೂಡಲೇ ತಕ್ಕ ಚಿಕಿತ್ಸೆ ದೊರೆತರೆ ರೋಗವು ತಲೆದೋರದಂತೆ ತಡೆಯಬಹುದು. ಆದುದರಿಂದ ಇಲ್ಲಿ ಮುನ್ಸಿದ್ಧತೆಯೇ ಔಷಧಿ. ಅದು ಎಂತಹದು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ವಿಚಾರಿಸೋಣ.

ಈ ರೋಗದ ವೈರಸ್ ಹುಚ್ಚುನಾಯಿಯ ಜೊಲ್ಲಿನಲ್ಲಿರುತ್ತದೆ. ಅದು ಗಾಯದ ಮೂಲಕ ದೇಹವನ್ನು ಹೊಕ್ಕು, ನರಗಳ ದಾರಿಯಾಗಿ ಮಿದುಳಿನ ಕಡೆಗೆ ಸಾಗುತ್ತದೆ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಕೆಲವು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಆ ಅವಧಿಯೇ ಮನುಷ್ಯನಿಗೆ ದೊರೆತ ಅವಕಾಶ. 1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪಾಸ್ಚರನು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ಲಸಿಕೆ ಕೊಡಿಸಲಾರಂಭಿಸಿದನು; ಬಾಲಕನು ಉಳಿದನು.

ದಕ್ಷಿಣ ಭಾರತದಲ್ಲಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಸ್ಚರ್ ಸಂಸ್ಥೆಯು ಸ್ಥಾಪಿತವಾಯಿತು. ಹಿಂದೆ ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ಹಲವು ದಿನ ಹೊಟ್ಟೆಗೆ ಚುಚ್ಚುತ್ತಿದ್ದರು. ಅಜ್ಜಂದಿರು ಹೇಳುವ ಆ ನೋವಿನ ಕಥೆ ಇಂದಿಗೆ ಸಲ್ಲದು. 2005ರಿಂದೀಚೆಗೆ ಆ ಲಸಿಕೆಯು ನಮ್ಮ ದೇಶದಲ್ಲಿ ಬಳಕೆಯಲ್ಲಿಲ್ಲ. ಈಗ ತೋಳಿನ ಚರ್ಮದೊಳಕ್ಕೆ ಕೊಡುವ ಕ್ರಮದಲ್ಲಿ ಮೊದಲ ದಿನ, ಅಲ್ಲಿಂದ 3, 7 ಮತ್ತು 28 ದಿನಗಳ ಬಳಿಕ ಹೋದರೆ ಸಾಕು.

ಸರಕಾರದ ಸಿದ್ಧತೆಗೆ ಮೂರು ಅಂಗಗಳುಂಟು. ಮೊದಲನೆಯದು ಆಸ್ಪತ್ರೆ. ಅಲ್ಲಿ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸದಾ ಕಾದಿರಿಸಬೇಕು. ಆಳವಾದ ಗಾಯಗಳಿಗೆ ಬೇಕಾಗುವ ಪ್ರತಿವಿಷವೂ ಇರಬೇಕು. ಎರಡನೆಯದು ನಾಯಿಗಳಿಗೆ ಲಸಿಕೆ. 100 ನಾಯಿಗಳಲ್ಲಿ 70ಕ್ಕಾದರೂ ಲಸಿಕೆ ಬಿದ್ದರೆ ರೋಗದ ಸರಪಳಿ ತುಂಡಾಗುವುದೆಂದು ತಜ್ಞರು ಹೇಳುತ್ತಾರೆ. ಚೆನ್ನೈ ನಗರದಲ್ಲಿ 2018ರ ಗಣತಿಯಲ್ಲಿ ಸುಮಾರು 57,000 ಬೀದಿನಾಯಿಗಳಿದ್ದವು. 2024ರ ಗಣತಿಯಲ್ಲಿ ಅವು 1,80,000ವನ್ನು ಮುಟ್ಟಿದ್ದವು. ಇವುಗಳಿಗೆಲ್ಲ ಲಸಿಕೆ ಹಾಕುವ ಕಾರ್ಯವನ್ನು ಕಾರ್ಪೊರೇಷನ್ 2025ರಲ್ಲಿ ಕೈಗೊಂಡಿತು. 2011ರಲ್ಲಿ ನಗರಕ್ಕೆ ಸೇರಿದ ನಮ್ಮ ಪೆರುಂಗುಡಿಯಲ್ಲಿ ಕಸದ ದೊಡ್ಡ ಮೈದಾನವೇ ಇದೆ. ಎಂಜಲು ಚೆಲ್ಲಿದೆಡೆ ನಾಯಿಗಳು ಸೇರುವುದು ಸಹಜ. ಬೀದಿಯನ್ನು ಶುಚಿಯಾಗಿಡುವುದೂ ಈ ಸಿದ್ಧತೆಯ ಭಾಗವೇ. ಮೂರನೆಯದು ವರದಿ. ಕರ್ನಾಟಕ ಸರಕಾರವು 2022ರಲ್ಲಿ ಮನುಷ್ಯರಿಗೆ ತಗಲುವ ಈ ರೋಗವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. 2030ರೊಳಗೆ ನಾಯಿಗಳಿಂದ ಹರಡುವ ರೇಬೀಸನ್ನು ತೊಲಗಿಸುವ ಯೋಜನೆಯನ್ನು ಭಾರತ ಸರಕಾರವು 2021ರಲ್ಲಿಯೇ ಪ್ರಕಟಿಸಿದೆ.

ಆದರೆ ಇಷ್ಟೆಲ್ಲ ಸಿದ್ಧತೆಯೂ ಒಂದು ಸುದ್ದಿಗಾಗಿ ಕಾಯುತ್ತದೆ. ನಾಯಿ ಕಚ್ಚಿತೆಂದು ಯಾರೂ ಹೇಳದಿದ್ದರೆ ಆಸ್ಪತ್ರೆಯ ಲಸಿಕೆಯು ಅಲ್ಲಿಯೇ ಉಳಿಯುವುದು. ಜಗತ್ತಿನಲ್ಲಿ ಶಂಕಿತ ನಾಯಿಗಳಿಂದ ಕಚ್ಚಿಸಿಕೊಂಡವರಲ್ಲಿ ಸುಮಾರು 100ಕ್ಕೆ 40 ಮಂದಿ 15 ವರ್ಷಕ್ಕೆ ಕೆಳಗಿನ ಮಕ್ಕಳು. ಅವರಲ್ಲಿ ಕೆಲವರು ಬೈಗುಳಕ್ಕೋ ಸೂಜಿಗೋ ಅಂಜಿ ಗಾಯವನ್ನು ಮರೆಮಾಚುತ್ತಾರೆ. ತಂದೆತಾಯಿಗಳು ಬೆಳಗಾಗುತ್ತಲೇ ಕೆಲಸಕ್ಕೆ ಹೊರಡುವ ನಮ್ಮಂತಹ ಪರಊರಿನ ಸಂಸಾರಗಳಲ್ಲಿ ಇಂತಹ ಗಾಯವನ್ನು ಗಮನಿಸುವವರೂ ಕಡಿಮೆ.

ಆದಕಾರಣ, ವಿದ್ಯಾರ್ಥಿಗಳೇ, ಇದನ್ನು ನೆನಪಿಡಿರಿ. ಕಚ್ಚಿದರೂ ಪರಚಿದರೂ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನ ಪುಡಿ ಹಚ್ಚಬೇಡಿರಿ. ಮಂತ್ರ ತಾಯತಗಳನ್ನು ನಂಬಿ ಕಾಲ ಕಳೆಯಬೇಡಿರಿ. ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿರಿ. ಅಲ್ಲಿ ಲಸಿಕೆಗೆ ಹಣವಿಲ್ಲ. ಗಾಯ ಮಾಯ್ದಿತೆಂದು ಉಳಿದ ಚುಚ್ಚುಮದ್ದುಗಳನ್ನು ಬಿಡಬೇಡಿರಿ. ತಮಿಳು ಬಾರದೆಂಬ ಸಂಕೋಚವೂ ಬೇಡ. ನಮ್ಮ ನಾಯಿ ಅವರಿಗೆ ನಾಯ್, ನಮ್ಮ ಕಡಿತ ಅವರಿಗೆ ಕಡಿ. ಮನೆಯಲ್ಲಿ ಹೇಳಲು ಅಂಜಿಕೆಯಾದರೆ ನಮಗೆ ಹೇಳಿರಿ. ಕಚ್ಚಿಸಿಕೊಂಡುದಕ್ಕೆ ನಾವಾರೂ ನಿಮ್ಮನ್ನು ದಂಡಿಸುವುದಿಲ್ಲ. ಮನೆಯವರಿಗೆ ತಿಳಿಸಿ, ಅಂದೇ ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವೆವು.