ಸುಟ್ಟ ಕಣ್ಣಿಗೆ ಆಕರಕೋಶಗಳ ಕಸಿ

ಕಣ್ಣಿನ ವಿಷಯದಲ್ಲಿ ನಮ್ಮ ಜನರು ಎರಡು ಮಾತುಗಳನ್ನು ಬಳಸುವುದುಂಟು. ಮುಪ್ಪಿನಲ್ಲಿ ದೃಷ್ಟಿ ಮಂಜಾದರೆ 'ಪೊರೆ ಬಂದಿದೆ' ಎನ್ನುತ್ತಾರೆ. ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ಕಂಡರೆ 'ಹೂ ಬಿದ್ದಿದೆ' ಎನ್ನುತ್ತಾರೆ. ಇವೆರಡೂ ಬೇರೆ ಬೇರೆ. ಪೊರೆಯು ಕಣ್ಣಿನೊಳಗಿನ ಮಸೂರಕ್ಕೆ ಸಂಬಂಧಿಸಿದ್ದು. ಹೂವು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ, ಅಂದರೆ ಕಾರ್ನಿಯಾಕ್ಕೆ ಸಂಬಂಧಿಸಿದ್ದು. ಸುಣ್ಣ, ಆಮ್ಲ ಮುಂತಾದವುಗಳಿಂದ ಸುಟ್ಟು ಕಾರ್ನಿಯಾ ಮಸುಕಾದ ಕಣ್ಣಿಗೆ ಇಂದು ದೊರೆಯುವ ಚಿಕಿತ್ಸೆಯನ್ನೂ, ಅದಕ್ಕಿಂತ ಮುಖ್ಯವಾಗಿ ಇಂತಹ ಅಪಾಯ ಒದಗಿದ ಗಳಿಗೆಯಲ್ಲಿ ಮನೆಯವರು ಮಾಡಬೇಕಾದ ಕೆಲಸವನ್ನೂ ಈ ಪಾಠದಲ್ಲಿ ತಿಳಿಯೋಣ.

ಕಣ್ಣಿನ ಮೇಲ್ಮೈ

ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಇದರಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದಲೇ ಇದು ಗಾಜಿನಂತೆ ತಿಳಿಯಾಗಿರುತ್ತದೆ. ಇದರ ಹೊರಪದರದಲ್ಲಿ 5ರಿಂದ 7 ಸಾಲು ಜೀವಕೋಶಗಳಿವೆ. ಹಳೆಯ ಕೋಶಗಳು ಸವೆದು ಉದುರುತ್ತವೆ, ಹೊಸವು ಅವುಗಳ ಸ್ಥಾನಕ್ಕೆ ಬರುತ್ತವೆ. ಹೀಗೆ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಇಡೀ ಹೊರಪದರವೇ ಹೊಸದಾಗುತ್ತದೆ.

ಈ ಹೊಸ ಕೋಶಗಳು ಎಲ್ಲಿಂದ ಬರುತ್ತವೆ? ಕರಿಗುಡ್ಡೆ ಮತ್ತು ಬಿಳಿಗುಡ್ಡೆಗಳು ಸೇರುವ ಅಂಚಿನಲ್ಲಿ ಬಳೆಯಂತಿರುವ ಕಿರಿದಾದ ಪಟ್ಟಿಯೊಂದಿದೆ. ಇದಕ್ಕೆ ಲಿಂಬಸ್ ಎಂದು ಹೆಸರು. ಭತ್ತದ ಗದ್ದೆಗೆ ಸಸಿಮಡಿ ಇದ್ದಂತೆ ಕಾರ್ನಿಯಾಕ್ಕೆ ಈ ಪಟ್ಟಿ. ಇಲ್ಲಿರುವ ಮೂಲಕೋಶಗಳನ್ನು ಆಕರಕೋಶಗಳು ಅಥವಾ ಸ್ಟೆಮ್ ಸೆಲ್‌ಗಳು ಎನ್ನುತ್ತಾರೆ. ಇವು ತಾವು ಉಳಿದುಕೊಂಡು, ಜೀವನಪರ್ಯಂತ ಹೊಸ ಕೋಶಗಳನ್ನು ಹುಟ್ಟಿಸುತ್ತಿರುತ್ತವೆ. ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳುಳ್ಳ ಪೊರೆಯು ಕರಿಗುಡ್ಡೆಯ ಮೇಲೆ ಹರಡದಂತೆ ಲಿಂಬಸ್ ಬೇಲಿಯಾಗಿಯೂ ನಿಲ್ಲುತ್ತದೆ.

ಸುಟ್ಟಾಗ ಆಗುವುದೇನು?

ಎಲೆ ಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ, ಕಕ್ಕಸು ತೊಳೆಯುವ ಆಮ್ಲ, ಬ್ಯಾಟರಿಯ ಆಮ್ಲ, ಪಟಾಕಿ - ಇವುಗಳಿಂದ ಕಣ್ಣಿಗೆ ಅಪಾಯ ಒದಗುವುದುಂಟು. ಇವುಗಳಲ್ಲಿ ಸುಣ್ಣವನ್ನು ಹಗುರವಾಗಿ ಕಾಣಬಾರದು. ಕ್ಷಾರವು ಕೋಶಗಳನ್ನು ಕರಗಿಸುತ್ತ ಕಣ್ಣಿನ ಒಳಕ್ಕೆ ಇಳಿಯುತ್ತದೆ. ರೆಪ್ಪೆಯ ಕೆಳಗೆ ಸಿಕ್ಕಿಕೊಂಡ ಸುಣ್ಣದ ಹರಳು ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ. ಸುಟ್ಟ ಕಣ್ಣು ಕೆಂಪಾಗದೆ ಬೆಳ್ಳಗೆ ಕಂಡರೆ ನೆಮ್ಮದಿ ಪಡಬಾರದು. ಅಂಚಿನ ರಕ್ತನಾಳಗಳು ಸತ್ತಿರುವುದರ ಗುರುತೂ ಅದಾಗಿರಬಹುದು.

ಲಿಂಬಸ್ ನಾಶವಾದರೆ ಸಸಿಮಡಿಯೂ ಹೋಯಿತು, ಬೇಲಿಯೂ ಹೋಯಿತು. ಬಿಳಿಗುಡ್ಡೆಯ ಪೊರೆಯು ರಕ್ತನಾಳಗಳೊಡನೆ ಕರಿಗುಡ್ಡೆಯನ್ನು ಮುಚ್ಚುತ್ತದೆ. ಹುಣ್ಣು ಮಾಯುವುದಿಲ್ಲ, ಬೆಳಕನ್ನು ನೋಡಲಾಗುವುದಿಲ್ಲ, ನೀರು ಸುರಿಯುತ್ತದೆ, ದೃಷ್ಟಿ ಕುಂದುತ್ತದೆ.

ನೇತ್ರದಾನದ ಕಣ್ಣೊಂದೇ ಸಾಲದೇ?

ಈ ಪ್ರಶ್ನೆ ಸಹಜವಾದುದು. ಮನುಷ್ಯರಲ್ಲಿ ಮೊದಲ ಯಶಸ್ವಿ ಕಾರ್ನಿಯಾ ಕಸಿಯನ್ನು ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು 1905ರಲ್ಲಿ, ಈಗಿನ ಚೆಕ್ ದೇಶದ ಒಲೊಮೌಟ್ಸ್ ಪಟ್ಟಣದಲ್ಲಿ ಮಾಡಿದರು. ಆ ರೋಗಿಯ ಕಣ್ಣುಗಳೂ ಸುಣ್ಣದಿಂದಲೇ ಸುಟ್ಟಿದ್ದವು. ಆದರೆ ಸಾಮಾನ್ಯವಾಗಿ ದಾನದ ಕಣ್ಣಿನಿಂದ ಕಸಿಗೆ ತೆಗೆಯುವುದು ಕಾರ್ನಿಯಾದ ನಡುಭಾಗವನ್ನು. ಅದರಲ್ಲಿ ಆಕರಕೋಶಗಳಿರುವುದಿಲ್ಲ. ರೋಗಿಯ ಲಿಂಬಸ್ ಪೂರ್ತಿ ನಾಶವಾಗಿದ್ದರೆ ಹೊಸ ಕಾರ್ನಿಯಾದ ಮೇಲ್ಮೈ ಸವೆದ ಬಳಿಕ ಅದನ್ನು ತುಂಬುವವರಿಲ್ಲ, ಅದೂ ಮಸುಕಾಗುತ್ತದೆ. ಆದ್ದರಿಂದ ಇಂತಹ ಕಣ್ಣಿಗೆ ಮೊದಲು ಸಸಿಮಡಿಯನ್ನು ಒದಗಿಸಬೇಕು. ಒಳಪದರದಲ್ಲಿ ಕಲೆ ಉಳಿದಿದ್ದರೆ ಕಾರ್ನಿಯಾ ಕಸಿಯನ್ನು ಆ ಬಳಿಕ ಮಾಡಬಹುದು.

ಚಿಕಿತ್ಸೆ ಬೆಳೆದು ಬಂದ ಬಗೆ

1989ರಲ್ಲಿ ಅಮೆರಿಕದ ಕೆನ್ಯನ್ ಮತ್ತು ತ್ಸೆಂಗ್ ಎಂಬ ವೈದ್ಯರು ಒಳ್ಳೆಯ ಕಣ್ಣಿನ ಲಿಂಬಸ್ ತುಣುಕುಗಳನ್ನು ಸುಟ್ಟ ಕಣ್ಣಿಗೆ ಕಸಿ ಮಾಡಿದ ವರದಿಯನ್ನು ಪ್ರಕಟಿಸಿದರು. ಆದರೆ ಇದಕ್ಕೆ ದೊಡ್ಡ ತುಣುಕುಗಳು ಬೇಕಾಗಿದ್ದುದರಿಂದ ಒಳ್ಳೆಯ ಕಣ್ಣಿನ ಬಗ್ಗೆ ಆತಂಕವಿತ್ತು. 1997ರಲ್ಲಿ ಇಟಲಿಯ ವಿಜ್ಞಾನಿಗಳು ಸಣ್ಣದೊಂದು ಚೂರನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಕಸಿ ಮಾಡಿದರು. ಅವರ ವಿಧಾನದಿಂದ ತಯಾರಾದ ಚಿಕಿತ್ಸೆಗೆ 2015ರಲ್ಲಿ ಐರೋಪ್ಯ ಒಕ್ಕೂಟದ ಅನುಮತಿ ದೊರೆಯಿತು. ಆದರೆ ಇಂತಹ ಪ್ರಯೋಗಶಾಲೆಯ ವೆಚ್ಚ ಅಧಿಕ.

2012ರಲ್ಲಿ ನೆರೆಯ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಡಾ. ವೀರೇಂದ್ರ ಸಾಂಗ್ವಾನ್ ಮತ್ತು ಸಂಗಡಿಗರು ಪ್ರಯೋಗಶಾಲೆಯ ಅಗತ್ಯವೇ ಇಲ್ಲದ ಸರಳ ವಿಧಾನವೊಂದನ್ನು ಪ್ರಕಟಿಸಿದರು. ಇದಕ್ಕೆ 'ಸ್ಲೆಟ್' ಎಂದು ಹೆಸರು. ಅದರ ಕ್ರಮ ಹೀಗಿದೆ:

ಒಳ್ಳೆಯ ಕಣ್ಣಿನ ಲಿಂಬಸ್‌ನಿಂದ ಸುಮಾರು 2 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಚೂರನ್ನು ತೆಗೆಯುತ್ತಾರೆ. ಸುಟ್ಟ ಕಣ್ಣಿನ ಮೇಲೆ ಬೆಳೆದ ಪೊರೆಯನ್ನು ಬಿಡಿಸಿ, ಅಲ್ಲಿ ತೆಳುವಾದ ಇನ್ನೊಂದು ಪೊರೆಯನ್ನು ಹಾಸುತ್ತಾರೆ. ಈ ಪೊರೆ ಬರುವುದು ತಾಯಂದಿರಿಂದ. ಗರ್ಭದಲ್ಲಿ ಶಿಶುವನ್ನು ಸುತ್ತುವರಿದ ನೀರಿನ ಚೀಲದ ಒಳಪದರವೇ ಇದು. ಸಿಸೇರಿಯನ್ ಹೆರಿಗೆಯಲ್ಲಿ, ತಾಯಿಯ ಒಪ್ಪಿಗೆ ಪಡೆದು, ಆಕೆಯ ರಕ್ತವನ್ನು ಪರೀಕ್ಷಿಸಿ, ಮಾಸಿನೊಡನೆ ಬಂದ ಈ ಪೊರೆಯನ್ನು ಶುದ್ಧೀಕರಿಸಿ ಇಡುತ್ತಾರೆ. ಇದರಿಂದ ತಾಯಿಗಾಗಲಿ ಮಗುವಿಗಾಗಲಿ ತೊಂದರೆಯಿಲ್ಲ. ಬಳಿಕ ಲಿಂಬಸ್ ಚೂರನ್ನು 8-10 ಕಿರುತುಣುಕುಗಳಾಗಿ ಕತ್ತರಿಸಿ, ಪೈರು ನೆಟ್ಟಂತೆ ಈ ಪೊರೆಯ ಮೇಲೆ ಬಿಡಿಬಿಡಿಯಾಗಿ ಇಟ್ಟು, ವೈದ್ಯಕೀಯ ಅಂಟಿನಿಂದ ಅಂಟಿಸಿ, ಮೆದುವಾದ ಕಾಂಟ್ಯಾಕ್ಟ್ ಲೆನ್ಸ್ ಮುಚ್ಚುತ್ತಾರೆ. ಮುಂದಿನ ಕೆಲವು ವಾರಗಳಲ್ಲಿ ತುಣುಕುಗಳಿಂದ ಕೋಶಗಳು ಹಬ್ಬಿ ಮೇಲ್ಮೈಯನ್ನು ತುಂಬುತ್ತವೆ. ಇದೇ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ 125 ರೋಗಿಗಳ ವರದಿಯಲ್ಲಿ ಶೇಕಡಾ 76 ಮಂದಿಗೆ ಕಸಿಯು ಯಶಸ್ವಿಯಾಗಿತ್ತು.

ನೀವು ಕೇಳಬಹುದಾದ ಪ್ರಶ್ನೆಗಳು

ಒಳ್ಳೆಯ ಕಣ್ಣೂ ಹೋದರೆ? - ತಂದೆತಾಯಿಗಳು ಹಿಂಜರಿಯುವುದು ಇಲ್ಲಿಯೇ. ತೆಗೆಯುವುದು ಅಂಚಿನ ಅತಿ ಸಣ್ಣ ಚೂರು. ಉಳಿದ ಆಕರಕೋಶಗಳು ಆ ಕಣ್ಣಿಗೆ ಸಾಕಾಗುತ್ತವೆ. ಆದರೂ ಆ ಕಣ್ಣು ಆರೋಗ್ಯವಾಗಿದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳುವುದು ಅವಶ್ಯ.

ಎರಡು ಕಣ್ಣುಗಳೂ ಸುಟ್ಟಿದ್ದರೆ? - ಹತ್ತಿರದ ಬಂಧುವಿನಿಂದಾಗಲಿ, ಮರಣಾನಂತರ ದಾನ ಮಾಡಿದ ಕಣ್ಣಿನಿಂದಾಗಲಿ ಲಿಂಬಸ್ ಪಡೆಯಬಹುದು. ಆದರೆ ಪರರ ಅಂಗಾಂಶವನ್ನು ದೇಹವು ತಿರಸ್ಕರಿಸದಿರಲು ದೀರ್ಘಕಾಲ ಔಷಧಿ ಸೇವಿಸಬೇಕು, ರಕ್ತಪರೀಕ್ಷೆಗಳು ತಪ್ಪಬಾರದು. ರೋಗಿಯ ಬಾಯೊಳಗಿನ ಪೊರೆಯ ಕೋಶಗಳನ್ನು ಬಳಸುವ ಕ್ರಮವೂ ಇದೆ.

ಕೂಡಲೇ ಮಾಡಿಸಬಹುದೇ? - ಇಲ್ಲ. ಕಣ್ಣಿನ ಉರಿಯೂತ ಇಳಿಯುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ರೆಪ್ಪೆಯ ದೋಷವಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಆದರೆ ಚಿಕ್ಕ ಮಕ್ಕಳ ವಿಷಯದಲ್ಲಿ ವೃಥಾ ಕಾಲಹರಣ ಸಲ್ಲದು. ಎಳೆಯ ವಯಸ್ಸಿನಲ್ಲಿ ಬೆಳಕು ಕಾಣದ ಕಣ್ಣಿನಿಂದ ನೋಡುವುದನ್ನು ಮಿದುಳು ಕಲಿಯುವುದೇ ಇಲ್ಲ.

ಎಲ್ಲ ಕುರುಡಿಗೂ ಇದು ಮದ್ದೇ? - ಅಲ್ಲ. ಈ ಕಸಿಯು ಕಣ್ಣಿನ ಮೇಲ್ಮೈಗೆ ಮಾತ್ರ. ಅಕ್ಷಿಪಟಲದ ಅಥವಾ ನರದ ರೋಗ ಇದರಿಂದ ವಾಸಿಯಾಗದು. 'ಸ್ಟೆಮ್ ಸೆಲ್ ಚುಚ್ಚುಮದ್ದು' ಎಂಬ ಜಾಹೀರಾತುಗಳಿಗೆ ಮರುಳಾಗಬೇಡಿರಿ. ಅಮೆರಿಕದಲ್ಲಿ ಹಣ ತೆತ್ತು ಕಣ್ಣೊಳಗೆ ಇಂತಹ ಚುಚ್ಚುಮದ್ದು ಹಾಕಿಸಿಕೊಂಡ ಮೂವರು ಮಹಿಳೆಯರು ತೀವ್ರ ದೃಷ್ಟಿನಷ್ಟ ಅನುಭವಿಸಿದುದು 2017ರಲ್ಲಿ ವರದಿಯಾಗಿದೆ.

ಕಣ್ಣಿಗೆ ಸುಣ್ಣ ಅಥವಾ ಆಮ್ಲ ಬಿದ್ದಾಗ

1. ಒಂದು ನಿಮಿಷವನ್ನೂ ಕಳೆಯದೆ ಕೈಗೆ ಸಿಕ್ಕ ಶುಭ್ರವಾದ ನೀರಿನಿಂದ ಕಣ್ಣನ್ನು ತೊಳೆಯಿರಿ. ಆಸ್ಪತ್ರೆಗೆ ಓಡುವುದು ಆಮೇಲೆ, ತೊಳೆಯುವುದು ಮೊದಲು.

2. ಸುಟ್ಟ ಕಣ್ಣು ಕೆಳಗಿರುವಂತೆ ತಲೆಯನ್ನು ವಾಲಿಸಿ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಅರ್ಧ ಗಂಟೆಯವರೆಗೆ ನೀರನ್ನು ಧಾರೆಯಾಗಿ ಹರಿಸಿರಿ. ಮಗು ಅತ್ತರೂ ನಿಲ್ಲಿಸಬೇಡಿರಿ.

3. ಸುಣ್ಣದ ಹರಳು ಕಂಡರೆ ಒದ್ದೆಯಾದ ಶುಭ್ರ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಿರಿ. ಕಣ್ಣನ್ನು ಉಜ್ಜಕೂಡದು.

4. ಎಣ್ಣೆ, ತುಪ್ಪ, ಎದೆಹಾಲು, ನಿಂಬೆರಸ ಇವು ಯಾವುದನ್ನೂ ಹಾಕಬೇಡಿರಿ. ಸುಣ್ಣಕ್ಕೆ ಹುಳಿಯೇ ಮದ್ದು ಎಂಬುದು ಕಣ್ಣಿನ ವಿಷಯದಲ್ಲಿ ಅಪಾಯಕರ.

5. ಬಳಿಕ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಬಿದ್ದ ವಸ್ತುವಿನ ಪೊಟ್ಟಣವನ್ನೂ ಒಯ್ಯಿರಿ. ರೆಪ್ಪೆಯನ್ನು ಮಗುಚಿ ಒಳಗೆ ಉಳಿದುದನ್ನು ವೈದ್ಯರು ತೆಗೆಯಬೇಕು.

ಸುಣ್ಣದ ಪೊಟ್ಟಣವನ್ನು ಮಗುವಿನ ಕೈಗೆ ಆಟಕ್ಕೆ ಕೊಡಬೇಡಿರಿ. ಹಿಸುಕಿದರೆ ಅದು ಸಿಡಿದು ನೇರವಾಗಿ ಮುಖಕ್ಕೇ ಹಾರುತ್ತದೆ. ಎಲೆ ಅಡಿಕೆಯ ತಟ್ಟೆಯನ್ನೂ ಕಕ್ಕಸಿನ ಆಮ್ಲವನ್ನೂ ಮಕ್ಕಳ ಕೈಗೆಟುಕದ ಎತ್ತರದಲ್ಲಿ ಇಡಿರಿ. ಸುಣ್ಣ ಬಳಿಯುವವರು ಕನ್ನಡಕ ಧರಿಸಲಿ.

ಕಳೆದುಹೋದ ಆಕರಕೋಶಗಳನ್ನು ಮತ್ತೆ ನೆಡಲು ನುರಿತ ಶಸ್ತ್ರವೈದ್ಯರು ಬೇಕು, ತಿಂಗಳುಗಳ ಕಾಲ ಬೇಕು. ಆದರೂ ನೂರಕ್ಕೆ ನೂರು ಫಲ ದೊರೆಯದು. ಇದ್ದ ಕೋಶಗಳನ್ನು ಉಳಿಸಿಕೊಳ್ಳಲು ಒಂದು ಕೊಡ ನೀರು ಮತ್ತು ಧೈರ್ಯಗೆಡದ ಎರಡು ಕೈಗಳು ಸಾಕು. ಈ ಮಾತನ್ನು ನಿಮ್ಮ ನೆರೆಹೊರೆಯವರಿಗೂ ತಿಳಿಸಿರಿ.