ಮೀನಿನಲ್ಲಿ ಫಾರ್ಮಲಿನ್: ಪತ್ತೆ ಮತ್ತು ಅಳತೆ

ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಸುಮಾರು ಶೇಕಡಾ 37ರಿಂದ 40ರ ಪ್ರಮಾಣದಲ್ಲಿ ಕರಗಿಸಿದ ದ್ರಾವಣವೇ ಫಾರ್ಮಲಿನ್. ಶವಗಳನ್ನು ಕೆಡದಂತೆ ಇಡಲು ಬಳಸುವ ಇದನ್ನು ಮೀನಿಗೆ ಬೆರೆಸುವುದು ಕಾನೂನುಬಾಹಿರ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು, ಅಂದರೆ ಗುಂಪು 1ರಲ್ಲಿ, ವರ್ಗೀಕರಿಸಿದೆ.

2018ರಲ್ಲಿ ಕೇರಳದ ‘ಆಪರೇಷನ್ ಸಾಗರ್ ರಾಣಿ’ ತಪಾಸಣೆಯಲ್ಲಿ ಫಾರ್ಮಲಿನ್ ಬೆರೆಸಿದ ಮೀನು ಸಿಕ್ಕಿಬಿತ್ತು. ಅದೇ ವರ್ಷದ ಜುಲೈನಲ್ಲಿ ಗೋವಾ ಹೊರರಾಜ್ಯದ ಮೀನಿಗೆ ತಾತ್ಕಾಲಿಕ ನಿಷೇಧ ಹೇರಿತು. ಆಗ ಕೈಹಿಡಿದದ್ದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಫ್ಟ್) ರೂಪಿಸಿದ ಫಾರ್ಮಲಿನ್ ಪತ್ತೆ ಕಿಟ್. ಕಾಗದದ ಪಟ್ಟಿಯನ್ನು ಮೀನಿನ ಮೇಲೆ ಉಜ್ಜಿ, ರಾಸಾಯನಿಕದ ಹನಿ ಹಾಕಿದರೆ ಬಣ್ಣವೇ ಫಲಿತಾಂಶ ಹೇಳುತ್ತದೆ.

ಕಿಟ್ ಸುಳಿವು ಕೊಡುತ್ತದೆ. ನಿಖರ ಪ್ರಮಾಣಕ್ಕೆ ಪ್ರಯೋಗಾಲಯವೇ ಬೇಕು. ನ್ಯಾಶ್ ವಿಧಾನದಲ್ಲಿ ಅಸಿಟೈಲ್‌ಅಸಿಟೋನ್ ಮತ್ತು ಅಮೋನಿಯಂ ಲವಣದೊಂದಿಗೆ ಫಾರ್ಮಾಲ್ಡಿಹೈಡ್ ಹಳದಿ ಸಂಯುಕ್ತವಾಗುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ಅದರ ಗಾಢತೆಯನ್ನು ಸುಮಾರು 412 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯುತ್ತದೆ. ಫಲಿತಾಂಶದ ಏಕಮಾನ: ಕಿಲೋಗೆ ಮಿಲಿಗ್ರಾಂ.

ಹಲವರು ಎಡವುವ ಮುಖ್ಯ ಅಂಶ: ಫಾರ್ಮಾಲ್ಡಿಹೈಡ್ ಕಂಡ ಮಾತ್ರಕ್ಕೆ ಕಲಬೆರಕೆ ಸಾಬೀತಾಗದು. ಸಮುದ್ರ ಮೀನಿನ ಟ್ರೈಮೀಥೈಲ್‌ಅಮೀನ್ ಆಕ್ಸೈಡ್ ಕಿಣ್ವಗಳಿಂದ ಒಡೆದು, ಡೈಮೀಥೈಲ್‌ಅಮೀನ್ ಜೊತೆ ಫಾರ್ಮಾಲ್ಡಿಹೈಡನ್ನೂ ಸಹಜವಾಗಿ ಉತ್ಪತ್ತಿ ಮಾಡುತ್ತದೆ. ಬಾಂಬೆ ಡಕ್ ಎಂಬ ಬೊಂಬಿಲ್ ಮೀನಿನಲ್ಲಿ ಇದು ಹೆಚ್ಚು.