ಖಲೀಫರ ಪತ್ರ, ನಗರದ ಬಾವಿ ಮತ್ತು ಮೂರು ಪುಸ್ತಕಗಳು



ಕಳೆದ ತಿಂಗಳು ದ್ವಿತೀಯ ಪಿಯುಸಿ ಇತಿಹಾಸ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: “ಸರ್, ಇಷ್ಟೊಂದು ಮುಸ್ಲಿಂ ದೇಶಗಳಿವೆಯಲ್ಲ, ಎಲ್ಲರೂ ಯಾಕೆ ಒಂದಾಗುವುದಿಲ್ಲ?” ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಒಂದಾಗಿದ್ದಾರೆ ಅಂತಲೇ ಅಲ್ವಾ ಸರ್ ಮೊಬೈಲಿನಲ್ಲಿ ಬರೋದು? ಅದಕ್ಕೇ ನಮ್ಮನ್ನ ಅನುಮಾನದಿಂದ ನೋಡೋದು” ಎಂದ. ತರಗತಿ ಮೌನವಾಯಿತು. ನಾನು ಉತ್ತರ ಹೇಳುವ ಮೊದಲೇ ಗಂಟೆ ಹೊಡೆಯಿತು.

ಒಬ್ಬನಿಗೆ ಬೇಸರ, ಇನ್ನೊಬ್ಬನಿಗೆ ಭಯ. ಆದರೆ ಇಬ್ಬರ ಮಾತಿನ ಬುಡದಲ್ಲೂ ಒಂದೇ ನಂಬಿಕೆಯಿದೆ. ‘ಮುಸ್ಲಿಂ ಜಗತ್ತು’ ಎಂಬ ಒಂದು ರಾಜಕೀಯ ಘಟಕವಿದೆ, ಅದಕ್ಕೆ ಒಂದೇ ಮನಸ್ಸು ಇರಬೇಕು ಎಂಬುದು ಆ ನಂಬಿಕೆ. ಈಚಿನ ವರ್ಷಗಳಲ್ಲಿ ಬಂದ ಕೆಲವು ವಿದ್ವತ್ ಗ್ರಂಥಗಳು ಇದನ್ನೇ ಪರೀಕ್ಷೆಗೆ ಒಡ್ಡಿವೆ. ಅವುಗಳಲ್ಲಿ ಮೂರನ್ನು ನಮ್ಮ ನಾಡಿನ ಇತಿಹಾಸದ ಜೊತೆಗಿಟ್ಟು ಓದೋಣ.

ಒಂದು ಪತ್ರ

1786ರಲ್ಲಿ ಟಿಪ್ಪು ಸುಲ್ತಾನರು ಇಸ್ತಾಂಬುಲ್‌ಗೆ ಒಂದು ದೊಡ್ಡ ರಾಯಭಾರ ಕಳುಹಿಸಿದರು. ನೂರಾರು ಜನ ಹಡಗು ಹತ್ತಿದರು. ತಮ್ಮ ಆಳ್ವಿಕೆಗೆ ಖಲೀಫರ ಮನ್ನಣೆ, ಇಂಗ್ಲಿಷರ ವಿರುದ್ಧ ನೆರವು, ಬಸ್ರಾ ಬಂದರಿನಲ್ಲಿ ವ್ಯಾಪಾರದ ಅನುಕೂಲ ಇವು ಅವರ ಬೇಡಿಕೆಗಳು. ಮನ್ನಣೆ ಸಿಕ್ಕಿತು, ಸೈನಿಕ ನೆರವು ಸಿಗಲಿಲ್ಲ. ಹೋದವರಲ್ಲಿ ಅನೇಕರು ಮರಳಿ ಬರಲೂ ಇಲ್ಲ.

ಹನ್ನೆರಡು ವರ್ಷಗಳ ನಂತರ, 1798ರ ಸೆಪ್ಟೆಂಬರ್‌ನಲ್ಲಿ, ಒಟ್ಟೋಮನ್ ಸುಲ್ತಾನ ಮೂರನೇ ಸಲೀಮ್ ಟಿಪ್ಪುವಿಗೆ ಪತ್ರ ಬರೆದರು. ಫ್ರೆಂಚರ ಸ್ನೇಹ ಬಿಡಿ, ಇಂಗ್ಲಿಷರೊಂದಿಗೆ ಯುದ್ಧ ಬೇಡ ಎಂಬುದು ಅದರ ಸಾರ. ಕಾರಣ ಸ್ಪಷ್ಟವಿತ್ತು. ಆ ವರ್ಷ ಜುಲೈನಲ್ಲಿ ನೆಪೋಲಿಯನ್ ಒಟ್ಟೋಮನರ ಈಜಿಪ್ಟಿಗೆ ನುಗ್ಗಿದ್ದ. ಅವನನ್ನು ಹೊರಹಾಕಲು ಇಸ್ತಾಂಬುಲ್‌ಗೆ ಇಂಗ್ಲಿಷರ ನೌಕಾಪಡೆ ಬೇಕಿತ್ತು. ಪತ್ರವನ್ನು ಟಿಪ್ಪುವಿಗೆ ತಲುಪಿಸಿದವರು ಯಾರು ಗೊತ್ತೇ? 1799ರ ಜನವರಿಯಲ್ಲಿ, ಸ್ವತಃ ಗವರ್ನರ್ ಜನರಲ್ ವೆಲ್ಲೆಸ್ಲಿ!

ಫೆಬ್ರವರಿಯಲ್ಲಿ ಟಿಪ್ಪು ಉತ್ತರ ಬರೆದರು. ಖಲೀಫರಿಗೆ ಗೌರವದ ಮಾತುಗಳೇನೋ ತುಂಬಿದ್ದವು, ಆದರೆ ಫ್ರೆಂಚರ ನೆರವಿನ ಆಸೆಯನ್ನು ಅವರು ಕೈಬಿಡಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮುತ್ತಿಗೆ ಹಾಕಿದ ಇಂಗ್ಲಿಷರ ಜೊತೆ ಹೈದರಾಬಾದಿನ ನಿಜಾಮರ ಸೈನ್ಯವೂ ಇತ್ತು. ಇತ್ತ ಟಿಪ್ಪುವಿನ ಆಡಳಿತ ನಡೆಸುತ್ತಿದ್ದವರಲ್ಲಿ ಪೂರ್ಣಯ್ಯನವರಿದ್ದರು. ಧರ್ಮದ ಹೆಸರಿನಿಂದ ಮಾತ್ರ ಗೆರೆ ಎಳೆದರೆ ಈ ಯುದ್ಧದ ನಕ್ಷೆ ಬರೆಯಲು ಸಾಧ್ಯವೇ?

ಮೊದಲ ಪುಸ್ತಕ: ಒಂದು ಕಲ್ಪನೆಯ ವಯಸ್ಸು

ಟರ್ಕಿ ಮೂಲದ ಇತಿಹಾಸಕಾರ ಜೆಮಿಲ್ ಐದಿನ್ ಅವರ ‘ದಿ ಐಡಿಯಾ ಆಫ್ ದಿ ಮುಸ್ಲಿಂ ವರ್ಲ್ಡ್’ 2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಪ್ರೆಸ್‌ನಿಂದ ಪ್ರಕಟವಾಯಿತು. ಮುಸ್ಲಿಮರೆಲ್ಲ ಒಂದೇ ರಾಜಕೀಯ ಸಮುದಾಯ ಎಂಬ ಕಲ್ಪನೆ ಹುಟ್ಟಿದ್ದು 19ನೇ ಶತಮಾನದಲ್ಲಿ, ಯುರೋಪಿನ ಸಾಮ್ರಾಜ್ಯಗಳು ಬೆಳೆದ ಕಾಲದಲ್ಲಿ ಎಂಬುದು ಅವರ ವಾದ. ಆಳುವವರು ಮುಸ್ಲಿಮರನ್ನು ಒಂದೇ ಜನಾಂಗವೆಂಬಂತೆ ಕಂಡರು, ಕೀಳಾಗಿಯೂ ಕಂಡರು. ಅದಕ್ಕೆ ಉತ್ತರ ಕೊಡಲು ಹೊರಟ ಮುಸ್ಲಿಂ ಚಿಂತಕರೂ ಅದೇ ಚೌಕಟ್ಟನ್ನು ಒಪ್ಪಿಕೊಂಡು, ಅದರೊಳಗೇ ತಮ್ಮ ಹಿರಿಮೆಯನ್ನು ಹೇಳತೊಡಗಿದರು.

ಇಲ್ಲಿ ಒಂದು ಎಚ್ಚರ ಬೇಕು. ಉಮ್ಮತ್ ಎಂಬ ಧಾರ್ಮಿಕ ಸೋದರಭಾವ ಹೊಸದೆಂದು ಈ ವಾದದ ಅರ್ಥವಲ್ಲ. ಒಂದೇ ಕಿಬ್ಲಾ, ಒಂದೇ ಹಜ್ ಮೊದಲಿನಿಂದಲೂ ಇವೆ. ಹೊಸದು ಯಾವುದೆಂದರೆ, ಆ ಸೋದರಭಾವವೇ ಒಂದು ರಾಜಕೀಯ ಬಣ ಎಂಬ ಎಣಿಕೆ.

ಹೋಲಿಸಿ ನೋಡಿ. 1798ರಲ್ಲಿ ಖಲೀಫರೇ ಬರೆದರೂ ಮೈಸೂರು ತನ್ನ ದಾರಿ ಬದಲಿಸಲಿಲ್ಲ. 1919ರಿಂದ 1924ರವರೆಗಿನ ಖಿಲಾಫತ್ ಚಳವಳಿಯಲ್ಲಿ, ಇಸ್ತಾಂಬುಲನ್ನು ಕಂಡೇ ಇರದ ಲಕ್ಷಾಂತರ ಭಾರತೀಯರು ಅದೇ ಪೀಠಕ್ಕಾಗಿ ಬೀದಿಗಿಳಿದರು. 1920ರ ಆಗಸ್ಟ್‌ನಲ್ಲಿ ಗಾಂಧೀಜಿ ಮತ್ತು ಶೌಕತ್ ಅಲಿ ಒಟ್ಟಿಗೆ ಮಂಗಳೂರಿಗೂ ಬಂದಿದ್ದರು. ಈ ನೂರಿಪ್ಪತ್ತು ವರ್ಷಗಳಲ್ಲಿ ಕಲ್ಪನೆ ಬೆಳೆದಿತ್ತು. ಆದರೆ 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದುಮಾಡಿದ್ದು ಬ್ರಿಟಿಷರಲ್ಲ, ಅಂಕಾರಾದಲ್ಲಿ ಕುಳಿತ ಟರ್ಕಿಯ ಶಾಸನಸಭೆ.

ಎರಡನೆಯ ಪುಸ್ತಕ: ನಾಣ್ಯದ ಎರಡು ಮುಖ

ಇನ್ನು ನಮ್ಮ ಜಿಲ್ಲೆಗೆ ಬರೋಣ. ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದರು, ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟರು. ಆಮೇಲೆ ಅವರು ಹೊರಡಿಸಿದ ಚಿನ್ನದ ವರಹದ ಒಂದು ಮುಖದಲ್ಲಿ ಇಕ್ಕೇರಿ ವರಹದಂತೆಯೇ ಶಿವಪಾರ್ವತಿಯರಿದ್ದರು. ಇನ್ನೊಂದು ಮುಖದಲ್ಲಿ ಹೈದರ್ ಹೆಸರಿನ ಮೊದಲ ಅಕ್ಷರವಿತ್ತು. ಜನ ನಂಬಿದ ನಾಣ್ಯದ ರೂಪವನ್ನು ಬದಲಿಸದಿರುವುದು ವ್ಯಾಪಾರಕ್ಕೂ ಆಡಳಿತಕ್ಕೂ ಒಳ್ಳೆಯದಿತ್ತು.

1817ರಲ್ಲಿ ಜೇಮ್ಸ್ ಮಿಲ್ ಭಾರತದ ಇತಿಹಾಸವನ್ನು ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂದು ಮೂರು ಪೆಟ್ಟಿಗೆಗಳಿಗೆ ಹಂಚಿದ. ಈ ವರಹವನ್ನು ಯಾವ ಪೆಟ್ಟಿಗೆಗೆ ಹಾಕುತ್ತೀರಿ? ರಿಚರ್ಡ್ ಈಟನ್ ಅವರ ‘ಇಂಡಿಯಾ ಇನ್ ದಿ ಪರ್ಷಿಯನೇಟ್ ಏಜ್’ (2019) ಆ ಪೆಟ್ಟಿಗೆಗಳನ್ನೇ ಬದಿಗಿಡುತ್ತದೆ. ಸಂಸ್ಕೃತದ ಲೋಕ ಮತ್ತು ಪಾರ್ಸಿಯ ಲೋಕ ಎಂಬ ಎರಡು ದೊಡ್ಡ ಸಂಸ್ಕೃತಿಗಳು ಶತಮಾನಗಳ ಕಾಲ ಬೆರೆತ ಕತೆಯನ್ನು ಅವರು ಹೇಳುತ್ತಾರೆ. ನಾವು ಕನ್ನಡದಲ್ಲಿ ದಿನವೂ ಆಡುವ ಜಮೀನು, ಕಾನೂನು, ದರ್ಬಾರು ಎಂಬ ಮಾತುಗಳೂ, ನಮ್ಮಲ್ಲಿ ಹಲವರ ಮನೆಯ ದಖ್ಖನಿ ಭಾಷೆಯೂ ಆ ಬೆರಕೆಯ ಗುರುತುಗಳೇ.

ಮೂರನೆಯ ಪುಸ್ತಕ: ಬಾವಿಯೊಳಗಿನ ಪ್ರಶ್ನೆ

2018ರಲ್ಲಿ ಅದೇ ನಗರದ ಒಣಗಿದ ಬಾವಿಯೊಂದನ್ನು ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕಿದವು. ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ಇಂಥ ಆಯುಧಗಳ ಮಾದರಿಗಳು ಶ್ರೀರಂಗಪಟ್ಟಣದ ಪತನದ ನಂತರ ಇಂಗ್ಲೆಂಡಿಗೆ ಹೋದವು. ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಸುಧಾರಿಸಿದ. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ನಗರದ ಮೇಲೆ ಅವನ್ನು ಸುರಿದರು.

ಹಾಗಾದರೆ ಕೈಗಾರಿಕಾ ಕ್ರಾಂತಿ ಮೈಸೂರಿನಲ್ಲಿ ಯಾಕೆ ಆಗಲಿಲ್ಲ? ಕಾವೇ ಯಜ್ದಾನಿ ಅವರ ‘ಇಂಡಿಯಾ, ಮಾಡರ್ನಿಟಿ ಅಂಡ್ ದಿ ಗ್ರೇಟ್ ಡೈವರ್ಜೆನ್ಸ್’ (2017) ಮೈಸೂರು ಮತ್ತು ಗುಜರಾತನ್ನು ಹಿಡಿದು ಈ ಪ್ರಶ್ನೆಗೆ ಉತ್ತರ ಹುಡುಕುತ್ತದೆ. ರಾಜ್ಯದ ಕಾರ್ಖಾನೆಗಳು, ವ್ಯಾಪಾರ, ಸೇನೆಯ ಸುಧಾರಣೆಗಳನ್ನು ಅವರು ವಿವರವಾಗಿ ಪರಿಶೀಲಿಸುತ್ತಾರೆ, ಅವುಗಳ ಮಿತಿಗಳನ್ನೂ ಮುಚ್ಚಿಡುವುದಿಲ್ಲ. ಇದು ಹೊಗಳಿಕೆಯ ಪುಸ್ತಕವಲ್ಲ. ನಮಗೆ ಬೇಕಾಗಿರುವುದೂ ಹೊಗಳಿಕೆಯಲ್ಲ.

ಇದನ್ನು ನಾನು ಒತ್ತಿ ಹೇಳಬೇಕು. 1791ರಲ್ಲಿ ಮರಾಠಾ ಸೇನೆಯ ದಾಳಿಗೆ ಸಿಕ್ಕ ಶೃಂಗೇರಿ ಮಠಕ್ಕೆ ಟಿಪ್ಪು ಕನ್ನಡದಲ್ಲಿ ಬರೆದ ಪತ್ರಗಳಿವೆ, ಕಳುಹಿಸಿದ ನೆರವಿನ ದಾಖಲೆಯಿದೆ. ಕೊಡಗಿನವರನ್ನೂ ಮಂಗಳೂರಿನ ಕ್ರೈಸ್ತರನ್ನೂ ಸೆರೆ ಒಯ್ದ ದಾಖಲೆಯೂ ಇದೆ. ಒಂದನ್ನು ಓದಿ ಇನ್ನೊಂದರ ಪುಟ ಮಡಚಿಡುವವನು ವಕೀಲನಾಗಬಹುದು, ಇತಿಹಾಸಕಾರನಾಗಲಾರ.

ಓದುವ ಕ್ರಮ

ಇಂಥ ಪುಸ್ತಕಗಳು ದಪ್ಪ, ಇಂಗ್ಲಿಷೂ ಕಷ್ಟ. ಮೊದಲು ಪೀಠಿಕೆ ಓದಿ, ಆಮೇಲೆ ಕೊನೆಯ ಅಧ್ಯಾಯ, ಬಳಿಕ ನಿಮಗೆ ಪರಿಚಯವಿರುವ ಊರಿನ ಹೆಸರು ಬರುವ ಪುಟಗಳು. ಓದುವಾಗ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಲೇಖಕರು ಕೇಳುತ್ತಿರುವ ಪ್ರಶ್ನೆ ಯಾವುದು? ಅವರ ಆಧಾರ ಏನು: ಪತ್ರವೇ, ನಾಣ್ಯವೇ, ಶತ್ರುವಿನ ವರದಿಯೇ? ಅವರ ವಾದಕ್ಕೆ ಒಗ್ಗದ ಸಂಗತಿಯನ್ನು ಅವರು ಹೇಗೆ ಎದುರಿಸಿದ್ದಾರೆ?

ಇದು ನಮಗೆ ಹೊಸ ವಿದ್ಯೆಯೇನಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಅದನ್ನು ಯಾರಿಂದ ಯಾರು ಕೇಳಿದರೆಂಬ ಸನದನ್ನು ಪರೀಕ್ಷಿಸುತ್ತಿದ್ದರು. ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ವಿಚಾರಿಸಿ ನೋಡಬೇಕೆಂಬ ಆದೇಶ ಸೂರಾ ಹುಜುರಾತ್‌ನಲ್ಲೇ ಇದೆ. ಮೊಬೈಲಿಗೆ ಬರುವ ಸಂದೇಶಕ್ಕೆ ಸನದು ಎಲ್ಲಿದೆ?

ಆ ಇಬ್ಬರು ವಿದ್ಯಾರ್ಥಿಗಳಿಗೆ ನನ್ನ ಉತ್ತರ ಇದು. ಎಲ್ಲರೂ ಒಂದಾಗಲಿಲ್ಲವೆಂದು ಕೊರಗಬೇಡಿ. ರಾಜ್ಯಗಳು ಅಂದೂ ಇಂದೂ ತಮ್ಮ ಹಿತ ನೋಡಿಯೇ ನಡೆಯುತ್ತವೆ. ಎಲ್ಲೋ ದೂರದ ದೇಶ ಮಾಡಿದ್ದಕ್ಕೆ ವಿದ್ಯಾನಗರದ ಹುಡುಗ ಉತ್ತರ ಕೊಡಬೇಕೆಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಲೂ ಬೇಡಿ, ಸಿಟ್ಟಿಗೇಳಲೂ ಬೇಡಿ. 1798ರ ಆ ಪತ್ರದ ಕತೆ ಹೇಳಿ.

ಮುಂದಿನ ತರಗತಿಗೆ ಒಂದು ಕೆಲಸ: ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಅಲ್ಲಿ ಕಂಡ ಯಾವುದಾದರೂ ಒಂದು ವಸ್ತುವಿನ ಮುಂದೆ ನಿಂತು, ಮೇಲಿನ ಮೂರು ಪ್ರಶ್ನೆಗಳನ್ನು ಅದಕ್ಕೆ ಹೊಂದಿಸಿ ಒಂದು ಪುಟ ಬರೆದು ತನ್ನಿ.